ತೋಡಿನ ಬದಿಯ ಮುಳ್ಳುಗಿಡ: ಕೊಳವಳಿಕೆಯನ್ನು ಕಡಿಯುವ ಮೊದಲು



ಏಣೆಲಿನ ಕೊಯ್ಲು ಮುಗಿದು ಬೈಲುಗದ್ದೆಗಳಲ್ಲಿ ತರಕಾರಿಗೆ ಸಾಲು ತೆಗೆಯುವ ಸಮಯ ಬಂತೆಂದರೆ ಭಾನುವಾರದ ಪೂಜೆಯ ಬಳಿಕ ನನ್ನ ಬಳಿ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಕಳೆದ ವರ್ಷ ಒಬ್ಬ ಬಾಯಿ ಹೂಬಿಟ್ಟ ಬದನೆಯ ಒಂದು ಗೆಲ್ಲನ್ನೇ ಮುರಿದು ತಂದು ತೋರಿಸಿದರು. "ಫಾದರ್, ಹೂವಿಗೇನೂ ಕಡಿಮೆಯಿಲ್ಲ. ಹತ್ತು ಹೂವಿನಲ್ಲಿ ಎರಡು ಕಾಯಿ ನಿಂತರೆ ಹೆಚ್ಚು. ಯಾವ ಗೊಬ್ಬರ ಹಾಕಬೇಕು?" ಎಂಬುದು ಅವರ ಪ್ರಶ್ನೆ. ಹಟ್ಟಿಗೊಬ್ಬರ, ಸುಡುಮಣ್ಣು, ನೆಲಗಡಲೆ ಹಿಂಡಿ ಎಲ್ಲವೂ ಆಗಿತ್ತಂತೆ. ಮರುದಿನ ಬೆಳಿಗ್ಗೆ ಅವರ ಗದ್ದೆಗೆ ಹೋಗಿ ನೋಡಿದೆ. ಗಿಡಗಳು ಕಪ್ಪು ಹಸಿರಾಗಿ ಸೊಂಪಾಗಿದ್ದವು. ಆದರೆ ನಾನು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಆ ಹೂಗಳ ಬಳಿಗೆ ಒಂದೇ ಒಂದು ದುಂಬಿಯೂ ಬರಲಿಲ್ಲ. ಬದಿಯಲ್ಲೇ ಇರುವ ತೋಡಿನ ಅಂಚು ಸ್ವಚ್ಛವಾಗಿತ್ತು. ಅಲ್ಲಿದ್ದ ಮುಳ್ಳು, ಪೊದೆಗಳನ್ನೆಲ್ಲ ಕಳೆನಾಶಕ ಹೊಡೆದು ಸುಟ್ಟಂತೆ ಮಾಡಿದ್ದರು.

"ಅಲ್ಲಿ ಏನಿತ್ತು ಬಾಯಿ?" ಎಂದು ಕೇಳಿದೆ.

"ಏನಿರುತ್ತದೆ, ಆ ನೀಲಿ ಹೂವಿನ ಮುಳ್ಳು. ಮಕ್ಕಳ ಕಾಲಿಗೆ ಚುಚ್ಚುತ್ತದೆಂದು ತೆಗೆಸಿದೆವು" ಎಂದರು.

ಕಾಯಿ ಕಟ್ಟದಿರುವುದಕ್ಕೆ ಅದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಸಾರಜನಕ ಹೆಚ್ಚಾದರೆ ಗಿಡ ಸೊಪ್ಪಿಗೇ ಹೋಗುತ್ತದೆ. ಸೆಕೆ ಹೆಚ್ಚಾದರೆ ಹೂ ಉದುರುತ್ತದೆ. ಆದರೆ ಆ ನೀಲಿ ಹೂವಿನ ಮುಳ್ಳನ್ನೂ ಬದನೆಕಾಯಿಯನ್ನೂ ಜೋಡಿಸುವ ಒಂದು ಎಳೆ ಇದೆ. ಈ ಸಲ ಅದನ್ನು ವಿವರಿಸೋಣವೆಂದು ಬರೆಯುತ್ತಿದ್ದೇನೆ.

ಆ ಗಿಡದ ಹೆಸರು ಕೊಳವಳಿಕೆ. ನಮ್ಮ ಮಲಯಾಳಿ ನೆರೆಯವರು ವಯಲ್‌ಚುಳ್ಳಿ ಎನ್ನುತ್ತಾರೆ; ವಯಲ್ ಎಂದರೆ ಗದ್ದೆ. ಸಂಸ್ಕೃತದಲ್ಲಿ ಕೋಕಿಲಾಕ್ಷ, ಅಂದರೆ ಕೋಗಿಲೆಯ ಕಣ್ಣು. ಕೋಗಿಲೆಯ ಕಣ್ಣು ಕೆಂಪಲ್ಲವೇ, ಇದರ ಬೀಜವೂ ಕೆಂಪು ಮಿಶ್ರಿತ ಕಂದು. ಸಸ್ಯಶಾಸ್ತ್ರದಲ್ಲಿ ಇದು ಹೈಗ್ರೋಫಿಲಾ ಆರಿಕ್ಯುಲೇಟಾ. ಗುರುಮಠದಲ್ಲಿ ಕಲಿತ ಗ್ರೀಕ್ ಭಾಷೆ ಇಂಥಲ್ಲಿ ಪ್ರಯೋಜನಕ್ಕೆ ಬರುತ್ತದೆ: ಹೈಗ್ರೋಸ್ ಎಂದರೆ ತೇವ, ಫಿಲೋಸ್ ಎಂದರೆ ಪ್ರೀತಿಸುವವನು. ತೇವವನ್ನು ಪ್ರೀತಿಸುವ ಗಿಡ. ಅಬ್ಬಲಿಗೆ, ಗೋರಂಟೆ, ಆಡುಸೋಗೆ, ಕಿರಾತಕಡ್ಡಿ ಇವೆಲ್ಲ ಇದರ ದಾಯಾದಿಗಳು, ಒಂದೇ ಸಸ್ಯಕುಟುಂಬಕ್ಕೆ ಸೇರಿದವು.

ಗುರುತು ಹಿಡಿಯುವುದು ಸುಲಭ. ಎರಡರಿಂದ ಐದು ಅಡಿ ಎತ್ತರಕ್ಕೆ ನೇರವಾಗಿ ನಿಲ್ಲುವ ಗಿಡ, ಗೆಲ್ಲುಗಳು ಕಡಿಮೆ. ಕಾಂಡ ಚೌಕಾಕಾರ, ಮೈತುಂಬ ರೋಮ. ಪ್ರತಿಯೊಂದು ಗಂಟಿನಲ್ಲಿಯೂ ಆರು ಎಲೆಗಳು ಸುತ್ತಲೂ ಜೋಡಿಸಿಟ್ಟಂತೆ ಇರುತ್ತವೆ. ಅವುಗಳಲ್ಲಿ ಎರಡು ಉದ್ದ, ಉಳಿದವು ಗಿಡ್ಡ. ಎಲೆಗೊಂದರಂತೆ ಆರು ಹಳದಿ ಮುಳ್ಳುಗಳು, ಒಂದೊಂದೂ ಒಂದು ಇಂಚು, ಕೆಲವು ಒಂದೂವರೆ ಇಂಚು. ಈ ಮುಳ್ಳಿನ ಬೇಲಿಯ ಒಳಗೆ ಸಾಮಾನ್ಯವಾಗಿ ನಾಲ್ಕು ಜೊತೆ ಹೂಗಳು ಅರಳುತ್ತವೆ. ನೇರಳೆ ಮಿಶ್ರಿತ ನೀಲಿ ಬಣ್ಣ, ಬಾಯಿ ತೆರೆದಂತೆ ಮೇಲೊಂದು ತುಟಿ, ಕೆಳಗೊಂದು ತುಟಿ. ಕೆಳತುಟಿಯ ಮೇಲೆ ಹಳದಿ ಗೆರೆಗಳಿವೆ. ದುಂಬಿ ಬಂದು ಕುಳಿತುಕೊಳ್ಳುವ ಜಗಲಿ ಅದೇ. ಮುಳ್ಳಿರುವುದರಿಂದ ದನ, ಆಡು ಬಾಯಿ ಹಾಕುವುದಿಲ್ಲ. ಆದುದರಿಂದ ಮೇವಿನ ಹುಲ್ಲೆಲ್ಲ ಖಾಲಿಯಾದ ಮೇಲೂ ಇದರ ಹೂ ಉಳಿದಿರುತ್ತದೆ.

ಇದು ಹೊರಗಿನಿಂದ ಬಂದ ಗಿಡವಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆ ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್' ಎಂಬ ಮಹಾಗ್ರಂಥ 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಗಿಡ 'ಬಹೇಲ್ ಶುಲ್ಲಿ' ಎಂಬ ಹೆಸರಿನಲ್ಲಿದೆ. ವಯಲ್‌ಚುಳ್ಳಿಯನ್ನು ಡಚ್ಚರು ಕಿವಿಗೆ ಬಿದ್ದಂತೆ ಬರೆದುಕೊಂಡ ರೂಪ ಅದು. ಆ ಗ್ರಂಥಕ್ಕೆ ಗಿಡಗಳ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಹಾಗೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಆರಂಭದಲ್ಲಿ ಚಿತ್ರ ಬರೆದು ನೆರವಾದವರಲ್ಲಿ ಕಾರ್ಮೆಲ್ ಸಭೆಯ ಇಟಾಲಿಯನ್ ಗುರು ಸಂತ ಜೋಸೆಫರ ಮ್ಯಾಥ್ಯೂ ಕೂಡ ಇದ್ದರು. ಮಾತೃಭಾಷೆ ಕೊಂಕಣಿಯಾಗಿರುವ ನಮ್ಮ ಮನೆಗಳವರಿಗೆ ಇದು ಅಭಿಮಾನದ ಸಂಗತಿ. ಅಂದಿನವರು ಪುಸ್ತಕಕ್ಕೆ ಸೇರಿಸಿದ ಗಿಡವನ್ನು ಇಂದಿನ ನಾವು 'ಕಾಡುಮುಳ್ಳು' ಎಂದು ಕರೆದು ಮುಗಿಸುತ್ತೇವೆ.

ಈಗ ಬದನೆಯ ವಿಷಯಕ್ಕೆ ಬರುತ್ತೇನೆ.

ಬದನೆ ಹೂವಿನ ನಡುವೆ ಹಳದಿ ಕೊಳವೆಗಳಂತೆ ಕಾಣುವ ಪರಾಗಕೋಶಗಳಿವೆ. ಬೇರೆ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಧೂಳು ಹೊರಗೆ ಬರುತ್ತದೆ. ಬದನೆಯಲ್ಲಿ ಹಾಗಲ್ಲ, ತುದಿಯಲ್ಲಿ ಮಾತ್ರ ಒಂದು ಸಣ್ಣ ರಂಧ್ರ, ಉಪ್ಪಿನ ಡಬ್ಬಿಯ ಮುಚ್ಚಳದಂತೆ. ಅಲುಗಾಡಿಸಿದರೆ ಮಾತ್ರ ಪರಾಗ ಉದುರುತ್ತದೆ. ಗಾಳಿಗೂ ಅಷ್ಟಿಷ್ಟು ಉದುರಬಹುದು, ಆದರೆ ಒಳ್ಳೆಯ ಕಾಯಿಗೆ ಅದು ಸಾಲದು. ಟೊಮೇಟೋ ಹೂವನ್ನೂ ಹೀಗೆಯೇ ಅಲುಗಾಡಿಸಬೇಕು. ನಮ್ಮ ಪೆಟ್ಟಿಗೆಯ ತುಡುವೆ ಜೇನಿಗೆ ಈ ವಿದ್ಯೆ ಗೊತ್ತಿಲ್ಲ. ಗೊತ್ತಿರುವುದು ಮರ ಕೊರೆಯುವ ದೊಡ್ಡ ಕಪ್ಪು ದುಂಬಿಗೆ, ಮತ್ತು ಹೊಟ್ಟೆಯಲ್ಲಿ ಹೊಳೆಯುವ ನೀಲಿ ಪಟ್ಟೆಗಳಿರುವ ಒಂಟಿ ಜೇನಿಗೆ. ಅವು ಹೂವನ್ನು ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆ ಆಡಿಸದೆ ಮೈಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತವೆ. ಆಗ 'ಗುಂಯ್' ಎಂಬ ಎತ್ತರದ ಸದ್ದು ಕೇಳಿಸುತ್ತದೆ. ಬೆಳಗಿನ ಹೊತ್ತು ಬದನೆಸಾಲಿನ ಬಳಿ ನಿಂತು ಕಿವಿಗೊಟ್ಟರೆ ಹಾರುವಾಗಿನ ಸದ್ದಿಗೂ ಈ ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ.

ಈ ಒಂಟಿ ಜೇನುಗಳಿಗೆ ರಾಣಿಯಿಲ್ಲ, ಎರಿಯಿಲ್ಲ, ಕೂಡಿಟ್ಟ ತುಪ್ಪವಿಲ್ಲ. ಪ್ರತಿಯೊಂದು ಹೆಣ್ಣೂ ತಾನೇ ದುಡಿದು ತನ್ನ ಮರಿಗಳಿಗೆ ಕಟ್ಟಿಡಬೇಕು. ಆದುದರಿಂದ ಅವುಗಳಿಗೆ ದಿನ ತಪ್ಪದೆ ಹೂ ಬೇಕು. ಬದನೆ ಹೂವಿನಲ್ಲಿ ಪರಾಗ ಮಾತ್ರ ಸಿಗುತ್ತದೆ, ಮಕರಂದವಿಲ್ಲ. ಅಂದರೆ ಮರಿಗಳಿಗೆ ರೊಟ್ಟಿ ಸಿಕ್ಕಿತು, ಆದರೆ ದುಡಿಯುವವಳಿಗೆ ಹಾರಲು ಬೇಕಾದ ಸಿಹಿನೀರು ಸಿಗಲಿಲ್ಲ. ಅದನ್ನು ಅವು ಬೇರೆ ಹೂಗಳಿಂದ ತರಬೇಕು. ಮಳೆಗಾಲದ ಹೂಗಳು ಬಾಡಿ, ಹುಣಿಯ ಹುಲ್ಲು ಒಣಗಿ, ಗೇರು ಮಾವು ಇನ್ನೂ ಹೂಬಿಡದ ಕಾಲದಲ್ಲಿ ಅದು ಎಲ್ಲಿಂದ ಬರಬೇಕು? ಇಲ್ಲಿಯೇ ಕೊಳವಳಿಕೆಯ ಮಹತ್ವ. ಅಕ್ಟೋಬರಿನಿಂದ ಹಿಡಿದು ಬೇಸಿಗೆಯವರೆಗೆ, ತೋಡಿನ ತೇವ ಇರುವಷ್ಟು ದಿನ, ಗಂಟಿನಿಂದ ಗಂಟಿಗೆ ಹೂ ಬಿಡುತ್ತಲೇ ಹೋಗುತ್ತದೆ. ನಮ್ಮ ಬದನೆ, ಹಾಗಲ, ಸೌತೆ, ಚೀನಿಕಾಯಿ ಹೂಬಿಡುವ ತಿಂಗಳುಗಳೂ ಅವೇ. ಇಗರ್ಜಿಯ ಗದ್ದೆಯ ಬದಿಯಲ್ಲಿ ಉಳಿಸಿದ ಐದಾರು ಗಿಡಗಳಲ್ಲಿ ನೀಲಿ ಪಟ್ಟೆಯ ಜೇನು, ಕಪ್ಪು ದುಂಬಿ ಎರಡೂ ಬರುವುದನ್ನು ನಾನೇ ಕಂಡಿದ್ದೇನೆ.

ಹಾಗಲ, ಸೌತೆ, ಚೀನಿಕಾಯಿಗಳ ಸಂಗತಿ ಇನ್ನೂ ನೇರ. ಅವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ಧೂಳನ್ನು ಯಾರಾದರೂ ಹೊತ್ತು ತರಲೇಬೇಕು. ತರುವವರಿಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ, ಅಥವಾ ಕಾಯಿ ಒಂದು ಬದಿ ದಪ್ಪ, ಒಂದು ಬದಿ ಸೊರಗಿ ಸೊಟ್ಟಗಾಗುತ್ತದೆ. ಸಂತೆಯಲ್ಲಿ ಸೊಟ್ಟ ಸೌತೆಗೆ ಎಷ್ಟು ಬೆಲೆ ಸಿಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಜೇನು ಕಡಿಮೆಯಾದುದರ ನೋವು ನಮ್ಮ ಜಿಲ್ಲೆಗೆ ಹೊಸದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೇರಳದಾದ್ಯಂತ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿತು. ಹಿರಿಯ ಜೇನುಸಾಕಣೆಗಾರರು ಅದನ್ನು ಇಂದಿಗೂ ನೆನೆಯುತ್ತಾರೆ. ಎಂಡೋಸಲ್ಫಾನ್ ಕಥೆಯಂತೂ ಎಲ್ಲರಿಗೂ ಗೊತ್ತು. 1970ರ ದಶಕದ ಕೊನೆಯಿಂದ 2000ನೇ ಇಸವಿಯ ವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಅದನ್ನು ಸುರಿಸಿದರು. ಎಣ್ಮಕಜೆಯಂತಹ ಊರುಗಳು ಅದರ ಫಲವನ್ನು ಮಕ್ಕಳ ಮೈಯಲ್ಲಿ ಉಂಡವು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಷೇಧಿಸಿತು. ಆ ವಿಷ ಹೋಯಿತು. ಆದರೆ ನಾವೇ ಅಂಗಡಿಯಿಂದ ತಂದು ಹೆಗಲಿಗೆ ಪಂಪು ಏರಿಸಿ ಹೊಡೆಯುವ ವಿಷ ಇನ್ನೂ ಇದೆಯಲ್ಲ! ತೋಡಿನ ಬದಿಗೆ ಕಳೆನಾಶಕ ಹೊಡೆದರೆ ಅದು ಕೆಳಗಿನ ಮನೆಯವರ ಕೆರೆಗೆ ಇಳಿಯುತ್ತದೆ ಎಂಬುದನ್ನು ಒಂದು ಕ್ಷಣ ಯೋಚಿಸಿ.

ತಗ್ಗು ಗದ್ದೆಗಳು ಮಣ್ಣು ತುಂಬಿ ಅಡಿಕೆ ತೋಟಗಳಾದವು, ಮನೆ ಹಿತ್ತಿಲುಗಳಾದವು. ನೆಲ್ಲುಗದ್ದೆ ಮತ್ತು ಜೌಗುಭೂಮಿಯ ಸಂರಕ್ಷಣೆಗೆಂದು ಕೇರಳದಲ್ಲಿ 2008ರಲ್ಲಿ ಕಾನೂನೇ ಬಂತು. ಅಷ್ಟರಲ್ಲಿ ಎಷ್ಟೋ ಬೈಲುಗಳು ಹೋಗಿಯಾಗಿತ್ತು. ಮೋಂತಿ ಹಬ್ಬದ ನವೇನದ ದಿನಗಳಲ್ಲಿ ಮಕ್ಕಳು ಹುಣಿಗಳ ಮೇಲೆ ನಡೆದು ಬುಟ್ಟಿ ತುಂಬ ಹೂ ಕೊಯ್ದು ಮಾತೆಗೆ ಅರ್ಪಿಸುತ್ತಿದ್ದರು. ಈಗ ಕೆಲವು ಮನೆಗಳವರು ಹೂವಿಗೆಂದು ಪೇಟೆಯ ಅಂಗಡಿಗೆ ಹೋಗುತ್ತಾರೆ. ಕೊಳವಳಿಕೆ ಮೋಂತಿಗೆ ಅರಳುವ ಹೂವಲ್ಲ, ಅದು ನಂತರದ್ದು. ಆದರೂ ಹುಣಿ ಹೋದರೆ ಎರಡೂ ಹೋಗುತ್ತವೆ.

ಹಾಗಾದರೆ ಮನೆಯ ಬಳಿ ಇದನ್ನು ಬೆಳೆಸುವುದು ಹೇಗೆ? ಇದಕ್ಕೆ ಕೆರೆ ತೋಡಬೇಕಾಗಿಲ್ಲ. ಬಾವಿಕಟ್ಟೆಯಿಂದ ನೀರು ಹರಿದು ಹೋಗುವ ಜಾಗ, ಬಾಳೆಯ ಬುಡದ ತಗ್ಗು, ತೋಟದ ಉಜಿರುಕಣಿಯ ಅಂಚು ಯಾವುದಾದರೂ ಸಾಕು. ಒಂದೇ ಷರತ್ತು: ದಿನಕ್ಕೆ ಅರ್ಧದಷ್ಟಾದರೂ ಬಿಸಿಲು ಬೀಳಬೇಕು. ದಟ್ಟ ಅಡಿಕೆ ತೋಟದ ನೆರಳಿನಲ್ಲಿ ಗಿಡ ಬದುಕಬಹುದು, ಹೂ ಮಾತ್ರ ಅಷ್ಟಕ್ಕಷ್ಟೆ. ಅಂಥ ಜಾಗವೇ ಇಲ್ಲದಿದ್ದರೆ ಒಡೆದ ಸಿಮೆಂಟು ತೊಟ್ಟಿಗೆ ಗದ್ದೆಯ ಕೆಸರುಮಣ್ಣು ತುಂಬಿಸಿ ನೆಟ್ಟರೂ ಆದೀತು.

ಬೀಜ ಕೊಳ್ಳಲು ಎಲ್ಲಿಯೂ ಹೋಗಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ತೋಡಿನ ಬದಿಯಲ್ಲಿ ಒಣಗಿ ನಿಂತ ಗಿಡಗಳಲ್ಲಿ ಮುಳ್ಳುಗಳ ನಡುವೆ ಸಣ್ಣ ಕಾಯಿಗಳಿರುತ್ತವೆ. ಕೈಗೆ ದಪ್ಪ ಬಟ್ಟೆ ಸುತ್ತಿ, ಗಿಡವನ್ನೇ ಬುಡದಲ್ಲಿ ಕತ್ತರಿಸಿ, ಗೋಣಿಯ ಮೇಲೆ ಬಡಿಯಿರಿ. ಬೀಜವನ್ನು ಒಣಗಿದ ಸೀಸೆಯಲ್ಲಿಡಿ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ನಾನೇ ಈ ತಪ್ಪು ಮಾಡಿದ್ದೇನೆ. ಬೇರೆ ಬೀಜಗಳಂತೆ ಇದನ್ನು ರಾತ್ರಿ ನೀರಿನಲ್ಲಿ ನೆನೆಹಾಕಬಾರದು. ನೀರು ತಾಗಿದೊಡನೆ ಬೀಜದ ಮೇಲಿನ ರೋಮ ಅಂಟಾಗಿ ಬೆಳಿಗ್ಗೆ ನೋಡಿದರೆ ಬೀಜಗಳೆಲ್ಲ ಒಂದೇ ಲೋಳೆಯ ಮುದ್ದೆ! ಬೆರಳಿಗೆ ಅಂಟಿದ್ದನ್ನು ಬಿಡಿಸುವುದೇ ಒಂದು ಕೆಲಸವಾಯಿತು. ಒಣಬೀಜವನ್ನು ಒಣಮರಳಿನೊಡನೆ ಬೆರೆಸಿ ಬಿತ್ತುವುದೇ ಸರಿ.

ಜುಲೈಯ ಕೊನೆಗೆ ಅಥವಾ ಆಗಸ್ಟಿನಲ್ಲಿ ಮಾಡಿನ ಹನಿ ನೇರವಾಗಿ ಬೀಳದ ಜಾಗದಲ್ಲಿ ಚಟ್ಟಿಯಲ್ಲಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಗೇಣುದ್ದದ ಸಸಿಯಾದಾಗ, ಮಳೆಯ ರಭಸ ಇಳಿದ ಮೇಲೆ, ಒಂದೂವರೆ ಅಡಿ ಅಂತರದಲ್ಲಿ ನೆಡಿ. ಒಂಟಿ ಗಿಡಕ್ಕಿಂತ ಎಂಟು ಹತ್ತು ಗಿಡಗಳ ಒಂದು ಗುಂಪು ಮೇಲು, ಏಕೆಂದರೆ ದುಂಬಿಗಳಿಗೆ ದೂರದಿಂದಲೇ ಬಣ್ಣ ಕಾಣುತ್ತದೆ. ಗೊಬ್ಬರ ಬೇಡವೇ ಬೇಡ. ಮಕ್ಕಳು ಓಡಾಡುವ ದಾರಿಯಿಂದ ನಾಲ್ಕು ಹೆಜ್ಜೆ ದೂರವಿರಲಿ. ಆ ಬಾಯಿ ಹೇಳಿದ್ದು ಸುಳ್ಳಲ್ಲ, ಮುಳ್ಳು ಚುಚ್ಚಿದರೆ ಚೆನ್ನಾಗಿಯೇ ನೋಯುತ್ತದೆ.

ಈ ಗುಂಪಿನ ಸುತ್ತ ಏನು ಹಾಕಬಹುದೆಂದು ಕೇಳಿದರೆ, ತೇವದ ಅಂಚಿಗೆ ಒಂದೆಲಗ ಮತ್ತು ನೀರುಬ್ರಾಹ್ಮಿ, ಸ್ವಲ್ಪ ಮೇಲಕ್ಕೆ ತುಂಬೆ, ತುಳಸಿ, ಹಿಂದೆ ಒಂದು ಕೇಪಳ. ತುಂಬೆ, ತುಳಸಿಯ ಸಣ್ಣ ಹೂವಿಗೆ ಮುಜಂಟಿ ಜೇನು ಬರುತ್ತದೆ, ಕೇಪಳದ ಉದ್ದ ಕೊಳವೆಗೆ ಚಿಟ್ಟೆ. ಆದರೆ ನರ್ಸರಿಯವರು ಕೊಡುವ, ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ದಯವಿಟ್ಟು ತೇವದ ಜಾಗಕ್ಕೆ ತರಬೇಡಿ. ಅಮೆರಿಕದ ಉಷ್ಣಪ್ರದೇಶದಿಂದ ಅಲಂಕಾರಕ್ಕೆಂದು ಬಂದ ಆ ಬಳ್ಳಿ ಗಂಟುಗಂಟಿಗೆ ಬೇರು ಬಿಟ್ಟು ಇಡೀ ತೋಡಿನ ಬದಿಯನ್ನೇ ನುಂಗಿಬಿಡುತ್ತದೆ. ಹೂ ಕಂಡು ಮರುಳಾದವರು ಆಮೇಲೆ ಹಾರೆ ಹಿಡಿದು ಸುಸ್ತಾಗಿದ್ದಾರೆ.

ಜೇನಿಗೆ ಊಟ ಮಾತ್ರ ಸಾಲದು, ಮನೆಯೂ ಬೇಕು. ನೀಲಿ ಪಟ್ಟೆಯ ಜೇನು ಮಣ್ಣಿನಲ್ಲಿ ಬಿಲ ತೋಡುತ್ತದೆ, ಹಳೆಯ ಮಣ್ಣಿನ ಗೋಡೆ ಅದಕ್ಕೆ ಇಷ್ಟ. ಅಂಗಳವಿಡೀ ಸಿಮೆಂಟು, ಇಂಟರ್‌ಲಾಕ್ ಹಾಸಿದರೆ ಅದಕ್ಕೆ ಜಾಗವೆಲ್ಲಿ? ಹಿತ್ತಿಲಿನ ಒಂದು ಮೂಲೆಯ ಮಣ್ಣಿನ ಬರೆಯನ್ನು ಹಾಗೆಯೇ ಬಿಡಿ. ಕಪ್ಪು ದುಂಬಿ ಒಣ ಬಿದಿರಿನಲ್ಲಿ, ಸತ್ತ ಮರದಲ್ಲಿ ತೂತು ಕೊರೆಯುತ್ತದೆ. ಹಟ್ಟಿಯ ಪಕ್ಕಾಸಿಗೆ ಕೈಯಿಡುವ ಮೊದಲು ನಾಲ್ಕು ತುಂಡು ಒಣಬಿದಿರು ಮೂಲೆಯಲ್ಲಿ ಕಟ್ಟಿದರೆ ಅದಕ್ಕೂ ಒಳ್ಳೆಯದು, ಹಟ್ಟಿಗೂ ಒಳ್ಳೆಯದು. ಅದರ ಗಾತ್ರ ಕಂಡು ಹೆದರುವವರಿದ್ದಾರೆ. ಗಂಡು ದುಂಬಿಗೆ ಕೊಂಡಿಯೇ ಇಲ್ಲ, ಹೆಣ್ಣು ಕೈಯಲ್ಲಿ ಹಿಸುಕಿದರೆ ಮಾತ್ರ ಚುಚ್ಚೀತು.

ಗಿಡದ ಎಲೆಯನ್ನು ಕಪ್ಪು ಮುಳ್ಳುರೋಮದ ಕಂಬಳಿಹುಳುಗಳು ತಿನ್ನುವುದನ್ನು ಕಂಡರೆ ಔಷಧಿ ಹೊಡೆಯಬೇಡಿ. ರೆಕ್ಕೆಯಲ್ಲಿ ನವಿಲುಗರಿಯ ಕಣ್ಣಿನಂತಹ ಚುಕ್ಕೆಗಳಿರುವ ಕಿತ್ತಳೆ ಬಣ್ಣದ ಚಿಟ್ಟೆಯ ಮರಿ ಅದಾಗಿರಬಹುದು. ಆ ಚಿಟ್ಟೆ ಮೊಟ್ಟೆಯಿಡುವ ಗಿಡಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಹುಟ್ಟುವ ಅದೇ ಚಿಟ್ಟೆ ರೆಕ್ಕೆ ಮಡಚಿದರೆ ಒಣಗಿದ ಎಲೆಯಂತೆಯೇ ಕಾಣುತ್ತದೆ, ಮಕ್ಕಳಿಗೆ ತೋರಿಸಿ.

ತರಕಾರಿಗೆ ಏನಾದರೂ ಸಿಂಪಡಿಸಲೇಬೇಕಾದರೆ ಹೊತ್ತು ನೋಡಿ ಸಿಂಪಡಿಸಿ. ಹಾಗಲ, ಚೀನಿಕಾಯಿಯ ಹೂ ಬೆಳಗಿನ ಹೊತ್ತು ಅರಳುತ್ತದೆ, ಆಗ ಜೇನಿನ ಓಡಾಟ. ಆದುದರಿಂದ ಅವುಗಳಿಗೆ ಕತ್ತಲಾಗುವ ಹೊತ್ತಿಗೆ ಸಿಂಪಡಿಸುವುದು ಕ್ಷೇಮ. ಹೀರೆಯ ಹೂ ಸಂಜೆಗೆ ಅರಳುವುದರಿಂದ ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಸಿಂಪಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಆರೋಗ್ಯದ ಬಗ್ಗೆ ಎರಡು ಮಾತು. ಮೊದಲನೆಯದು ಸೊಳ್ಳೆ. ತೇವದ ಜಾಗ ಎಂದೊಡನೆ ಡೆಂಗಿ, ಮಲೇರಿಯದ ಭಯ ಬರುವುದು ಸಹಜ. ಕೊಳವಳಿಕೆಗೆ ಬೇಕಾದುದು ಒದ್ದೆ ಮಣ್ಣು, ನಿಂತ ನೀರಲ್ಲ. ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದು ಹಾರಲು ನಮ್ಮ ಸೆಕೆಯಲ್ಲಿ ಸುಮಾರು ಒಂದು ವಾರ, ಹತ್ತು ದಿನ ಬೇಕು. ತೊಟ್ಟಿಯಲ್ಲಿ ಬೆಳೆಸುವವರು ಮಣ್ಣಿನ ಮೇಲೆ ನೀರು ನಿಲ್ಲದಂತೆ ಅಂಚಿನಲ್ಲಿ ಒಂದು ತೂತು ಮಾಡಿಡಿ. ಪಕ್ಕದಲ್ಲಿ ಬಿದ್ದಿರುವ ತೆಂಗಿನ ಗೆರಟೆ, ಹಳೇ ಟಯರು, ಅಡಿಕೆ ಹಾಳೆಗಳಲ್ಲಿ ನಿಂತ ನೀರೇ ಹೆಚ್ಚು ಅಪಾಯಕಾರಿ.

ಎರಡನೆಯದು ಔಷಧಿ. ಆಯುರ್ವೇದದಲ್ಲಿ ಕೋಕಿಲಾಕ್ಷವನ್ನು ಮೂತ್ರ ಸರಾಗವಾಗಲು ಮತ್ತು ವಾತರಕ್ತಕ್ಕೆ ಬಳಸುತ್ತಾರೆ, ಇದರ ಕಷಾಯ ಕೇರಳದ ವೈದ್ಯಶಾಲೆಗಳಲ್ಲಿ ಸಿಗುತ್ತದೆ. ಬಂಗಾಳದಲ್ಲಿ ಇದರ ಎಳೆ ಎಲೆಯನ್ನು ಕುಲೇಖಾಡಾ ಎಂಬ ಹೆಸರಿನಿಂದ, ರಕ್ತಹೀನತೆಗೆ ಒಳ್ಳೆಯದೆಂದು ಸೊಪ್ಪಿನಂತೆ ಬೇಯಿಸಿ ತಿನ್ನುತ್ತಾರೆ. ಇದನ್ನು ಓದಿ ಯಾರೂ ತೋಡಿನಿಂದ ಕಿತ್ತು ತಂದು ಕುದಿಸಿ ಕುಡಿಯಬಾರದು. ತೋಡಿನ ನೀರಿನಲ್ಲಿ ಏನೇನು ಬೆರೆತಿದೆಯೋ ಅದೆಲ್ಲ ಬೇರಿಗೂ ತಾಗಿರುತ್ತದೆ. ಕಿಡ್ನಿಯ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಒಂದು ದೋಷವನ್ನೂ ಮುಚ್ಚಿಡುವುದಿಲ್ಲ. ಬೀಜ ಉದುರಿದರೆ ಭತ್ತದ ಗದ್ದೆಯೊಳಗೆ ಇದೇ ಕಳೆಯಾಗುತ್ತದೆ. ಗದ್ದೆಯ ಪಕ್ಕದಲ್ಲಿ ಬೆಳೆಸುವವರು ಕಾಯಿ ಬಲಿತೊಡನೆ, ಒಣಗಿ ಸಿಡಿಯುವ ಮೊದಲೇ ಗಿಡ ಕತ್ತರಿಸಿ, ಮುಂದಿನ ವರ್ಷಕ್ಕೆ ಒಂದು ಹಿಡಿ ಬೀಜ ತೆಗೆದಿಟ್ಟು ಉಳಿದದ್ದನ್ನು ಸುಡುಮಣ್ಣಿನ ರಾಶಿಗೆ ಹಾಕಿದರಾಯಿತು.

ಬದನೆ ಗೆಲ್ಲು ತಂದ ಬಾಯಿಯ ಮನೆಯವರು ಈ ವರ್ಷ ತೋಡಿನ ಬದಿಗೆ ಏನೂ ಹೊಡೆದಿಲ್ಲ. ಬೀಜದಿಂದ ಎದ್ದ ಏಳು ಗಿಡಗಳು ಅಲ್ಲಿ ನಿಂತಿವೆ, ದಾರಿಯ ಬದಿಗೆ ಕವುಂಗಿನ ಸಲಾಕೆಯಿಂದ ಒಂದು ಬೇಲಿಯನ್ನೂ ಕಟ್ಟಿದ್ದಾರೆ. ಕಾಯಿ ಎಷ್ಟು ಹೆಚ್ಚಾಯಿತೆಂದು ಈಗಲೇ ಹೇಳುವಂತಿಲ್ಲ, ಒಂದೆರಡು ವರ್ಷ ನೋಡಬೇಕು. ಬೀಜ ಬೇಕಾದವರು ಮಾರ್ಚ್ ತಿಂಗಳಲ್ಲಿ ಪೂಜೆಯ ನಂತರ ಸಾಕ್ರಿಸ್ತಿಯ ಬಾಗಿಲಿಗೆ ಬಂದು ಕೇಳಿ. ಕಾಗದದ ಪೊಟ್ಟಣ ನೀವೇ ತನ್ನಿ, ಒದ್ದೆ ಕೈಯಲ್ಲಿ ಮಾತ್ರ ಬರಬೇಡಿ.